ಹೊಗೆ ಇಲ್ಲದ ಬೆಂಕಿ

ಇವತ್ತು ವಿಜಯಪುರ ಜಿಲ್ಲೆಯ ನಾಲ್ಕು ಊರುಗಳ ಹೆಸರು ಹೇಳಿ ಮಾತು ಶುರು ಮಾಡ್ತೀನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇಂಡಿ ಅಂದ್ರೆ ನಿಂಬೆಹಣ್ಣು, ಜಿಐ ಟ್ಯಾಗ್ ಪಡೆದ ನಿಂಬೆ. ಬಾಗೇವಾಡಿ ಅಂದ್ರೆ ಬಸವಣ್ಣ. ಸಿಂದಗಿ, ಮುದ್ದೇಬಿಹಾಳ ಅಂದ್ರೆ ತೊಗರಿ, ಬಿಳಿಜೋಳ, ಎರೆಮಣ್ಣು. ಈ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಾದ್ರೂ ಇಳಿದು ನಾಲ್ಕು ಹೆಜ್ಜೆ ನಡೀರಿ. ಪಾನ್ ಅಂಗಡಿ ಮುಂದೆ ತೋರಣದ ಹಾಗೆ ತೂಗೋ ಚೀಟಿಗಳು, ಗೋಡೆಯ ಮೂಲೆಯಲ್ಲಿ ಕೆಂಪು ಕಲೆ, ಅಂಗೈಯಲ್ಲಿ ತಂಬಾಕು ತಿಕ್ಕುತ್ತಾ ಮಾತಾಡೋ ಜನ. "ಕಾಕಾ, ಇದು ಚಟ ಅಲ್ಲೇನ್ರೀ?" ಅಂತ ಕೇಳಿದ್ರೆ ಉತ್ತರ ಸಿದ್ಧವಾಗಿರುತ್ತೆ. "ಏ, ನಾ ಸೇದಂಗಿಲ್ಲ ತಮ್ಮಾ. ಬರೇ ಬಾಯಾಗ ಇಟ್ಕೊಳ್ಳಾಂವ."

ಸೇದಲ್ಲ, ಬಾಯಲ್ಲಿ ಇಟ್ಕೊಳ್ತೀನಿ ಅಷ್ಟೇ. ಈ ಒಂದು ಮಾತು ಎಷ್ಟು ಮನೆಗಳನ್ನ ಹಾಳು ಮಾಡಿದೆ ಅನ್ನೋದನ್ನೇ ಇವತ್ತು ಮಾತಾಡೋಣ.

ತಂಬಾಕು ಅಂದ ತಕ್ಷಣ ನಾವು ಟಿವಿಯವರು ಏನು ತೋರಿಸ್ತೀವಿ? ಸಿಗರೇಟಿನ ತುದಿ, ಸುರುಳಿ ಸುರುಳಿ ಹೊಗೆ, ಕಪ್ಪಾದ ಶ್ವಾಸಕೋಶ. ತಪ್ಪಲ್ಲ. ಆದರೆ ಲೆಕ್ಕ ಬೇರೇನೇ ಹೇಳುತ್ತೆ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ವಯಸ್ಕರಲ್ಲಿ ಸುಮಾರು 23 ಮಂದಿಗೆ ಒಂದಲ್ಲ ಒಂದು ರೂಪದ ತಂಬಾಕಿನ ಅಭ್ಯಾಸ ಇದೆ. ಬೀಡಿ, ಸಿಗರೇಟು ಸೇದೋರು ನೂರಕ್ಕೆ 9ರ ಹತ್ತಿರ. ಹೊಗೆಯಿಲ್ಲದ ತಂಬಾಕು, ಅಂದ್ರೆ ಜಗಿಯೋದು, ದವಡೆಯಲ್ಲಿ ಇಟ್ಕೊಳ್ಳೋದು, ಹಲ್ಲಿಗೆ ತಿಕ್ಕೋದು, ಇದನ್ನ ಮಾಡೋರು 16. ಎರಡೂ ಮಾಡೋರೂ ಇದ್ದಾರೆ ಬಿಡಿ. ನಮ್ಮ ರಾಜ್ಯದ ದೊಡ್ಡ ಸಮಸ್ಯೆ ಹೊಗೆಯಲ್ಲ, ಚೀಟಿ. ನಾವು ಬೆಂಕಿ ಹುಡುಕ್ತಾ ಹೊಗೆ ನೋಡ್ತಿದ್ದೀವಿ. ಇಲ್ಲಿ ಬೆಂಕಿ ಇದೆ, ಹೊಗೆ ಇಲ್ಲ.

ಇನ್ನೊಂದು ವಿಚಿತ್ರ ಗೊತ್ತಾ? ತಂಬಾಕಿಗೂ ವಿಜಯಪುರಕ್ಕೂ ನಾನೂರು ವರ್ಷದ ನಂಟು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲ. ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಅನ್ನೋನು ಬಿಜಾಪುರಕ್ಕೆ ಬಂದ. ಪೋರ್ಚುಗೀಸರು ತಂದ ಈ ಎಲೆ ಅಷ್ಟೊತ್ತಿಗಾಗಲೇ ಬಿಜಾಪುರದಲ್ಲಿ ಸಿಗ್ತಿತ್ತು. ಅಲ್ಲಿವರೆಗೆ ತಾನು ಇಂಥದ್ದನ್ನ ಕಂಡೇ ಇರಲಿಲ್ಲ ಅಂತ ಅವನೇ ಬರೆದಿಟ್ಟಿದ್ದಾನೆ. ಒಂದಿಷ್ಟು ತಂಬಾಕು, ಜೊತೆಗೆ ರತ್ನ ಕೂರಿಸಿದ ಚಂದದ ಕೊಳವೆ ತಯಾರು ಮಾಡಿಸಿ 1604ರ ಆಸುಪಾಸಿನಲ್ಲಿ ಅಕ್ಬರನ ಮುಂದಿಟ್ಟ. ಬಾದಶಾಹ ಒಂದೆರಡು ಸಲ ಎಳೆದ. ಆಸ್ಥಾನದ ಹಕೀಮ ಅಡ್ಡ ಬಂದ. ನಮ್ಮ ವೈದ್ಯ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಪರೀಕ್ಷೆ ಮಾಡದ ವಸ್ತು, ಬೇಡ ಅಂದ. ಅಕ್ಬರ್ ಅಭ್ಯಾಸ ಮಾಡ್ಕೊಳ್ಳಲಿಲ್ಲ. ಆದರೆ ಅಮೀರರು ಬಿಡಲಿಲ್ಲ, ವ್ಯಾಪಾರಿಗಳು ಮಾರೋಕೆ ಶುರು ಮಾಡಿದ್ರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ನಿಂತಿತಾ? ಇಲ್ಲ. ವೈದ್ಯ ಬೇಡ ಅನ್ನೋದು, ರಾಜ ನಿಷೇಧ ಮಾಡೋದು, ಅಂಗಡಿ ಮಾತ್ರ ನಡೀತಾ ಇರೋದು. ಈ ಕಥೆ ಅಂದಿನಿಂದ ಇಂದಿನವರೆಗೂ ಒಂದೇ.

ಈಗ ವಿಜ್ಞಾನಕ್ಕೆ ಬರೋಣ. ತಂಬಾಕಿನ ಜೊತೆ ಸುಣ್ಣ ಯಾಕೆ ಹಾಕಿ ತಿಕ್ಕುತ್ತಾರೆ? "ಸುಣ್ಣ ಇಲ್ಲದಿದ್ರ ಕಿಕ್ ಬರೂದಿಲ್ರೀ" ಅಂತಾರೆ. ನೂರಕ್ಕೆ ನೂರು ನಿಜ. ತಂಬಾಕಿನ ಎಲೆಯಲ್ಲಿ ನಿಕೋಟಿನ್ ಹುಳಿ ಅಂಶದ ಜೊತೆ ಗಂಟು ಹಾಕ್ಕೊಂಡು ಕೂತಿರುತ್ತೆ. ಸುಣ್ಣ ಕ್ಷಾರ. ಅದು ಬೆರೆತ ಕೂಡ್ಲೇ ಗಂಟು ಬಿಚ್ಚುತ್ತೆ, ನಿಕೋಟಿನ್ ಬಿಡುಗಡೆ ಆಗುತ್ತೆ, ತುಟಿ ಮತ್ತು ಕೆನ್ನೆಯ ಒಳಗಿನ ತೆಳ್ಳನೆ ಪದರ ದಾಟಿ ನೇರ ರಕ್ತಕ್ಕೆ ಸೇರುತ್ತೆ. ಅಲ್ಲಿಂದ ಮೆದುಳು. ಅಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಬಿಡುಗಡೆಯಾಗಿ ಹಾಯ್ ಅನಿಸುತ್ತೆ. ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತೆ. ಮತ್ತೆ ಬೇಕು ಅನಿಸುತ್ತೆ. ಚಟ ಅಂದ್ರೆ ಇದೇ. ಹೊಗೆ ಬಂತೋ ಇಲ್ವೋ ಅದಕ್ಕೆ ಸಂಬಂಧವೇ ಇಲ್ಲ.

ಜೊತೆಗೆ ಅದೇ ಸುಣ್ಣ ಬಾಯಿಯ ಒಳಚರ್ಮವನ್ನ ದಿನಾ ಸುಡುತ್ತೆ. ಅದೇ ಜಾಗದಲ್ಲಿ ಗಂಟೆಗಟ್ಟಲೆ ತಂಬಾಕಿನ ಉಂಡೆ ಕೂತಿರುತ್ತೆ. ತಂಬಾಕನ್ನ ಒಣಗಿಸಿ, ಹದ ಮಾಡಿ, ಶೇಖರಿಸಿ ಇಡುವಾಗ ಅದರಲ್ಲಿ ನೈಟ್ರೋಸಮೈನ್ ಅನ್ನೋ ವಿಷಗಳು ಹುಟ್ಟುತ್ತವೆ. ಇವು ಕ್ಯಾನ್ಸರ್ ತರುತ್ತವೆ ಅನ್ನೋದರಲ್ಲಿ ವಿಜ್ಞಾನಿಗಳಿಗೆ ಅನುಮಾನವೇ ಇಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಯಿಲ್ಲದ ತಂಬಾಕನ್ನೂ ಮೊದಲನೇ ಗುಂಪಿಗೇ ಸೇರಿಸಿದೆ. ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ. ನುಂಗಿದ ರಸ ಅನ್ನನಾಳಕ್ಕೂ ಕುತ್ತು, ನಿಕೋಟಿನ್ ಬಿಪಿಗೂ ಹೃದಯಕ್ಕೂ ಕುತ್ತು.

ಹೆಣ್ಣುಮಕ್ಕಳ ಕಥೆ ಇನ್ನೂ ಮರೆಯಲ್ಲಿದೆ. ಬೀಡಿ ಸೇದಿದ್ರೆ ಊರು ಮಾತಾಡುತ್ತೆ. ಹುರಿದ ತಂಬಾಕಿನ ಪುಡಿ, ಅದೇ ಮಿಶ್ರಿ, ಬೆಳಗ್ಗೆ ಹಲ್ಲಿಗೆ ತಿಕ್ಕಿದ್ರೆ ಯಾರೂ ಮಾತಾಡಲ್ಲ. ಎಷ್ಟೋ ತಾಯಂದಿರು ಶುರು ಮಾಡಿದ್ದೇ ಹಲ್ಲುನೋವಿಗೆ. "ಯಪ್ಪಾ, ಹಲ್ಲ ಸೆಳಿತಿತ್ತು, ನಮ್ಮ ಅತ್ತಿ ಹಚ್ಕೊ ಅಂದ್ರು" ಅಂತಾರೆ. ನೋವು ಮರೆಯಾಗುತ್ತೆ ನಿಜ, ಒಸಡು ಒಳಗೊಳಗೇ ಸವೀತಾ ಹೋಗುತ್ತೆ. ಬಸುರಿಯಾದಾಗ್ಲೂ ಬಿಡದಿದ್ರೆ ಮಗು ತೂಕ ಕಡಿಮೆ ಹುಟ್ಟೋದು, ದಿನ ತುಂಬೋ ಮೊದಲೇ ಹುಟ್ಟೋದು, ಹೊಟ್ಟೆಯಲ್ಲೇ ಸಾಯೋ ಅಪಾಯ ಕೂಡ ಇದೆ. ಹೊಲದಲ್ಲಿ ದುಡಿಯೋರು, ಗುಳೆ ಹೋಗಿ ಕಬ್ಬು ಕಡಿಯೋರು, ಕಟ್ಟಡದ ಕೆಲಸಕ್ಕೆ ಗೋವಾ, ಪುಣೆಗೆ ಹೋಗೋರು ಇನ್ನೊಂದು ಕಾರಣ ಹೇಳ್ತಾರೆ. "ಹಸಿವು ತಿಳಿಯಂಗಿಲ್ರೀ, ದಣಿವು ತಿಳಿಯಂಗಿಲ್ರೀ." ನಿಕೋಟಿನ್ ಹಸಿವನ್ನ ಅಡಗಿಸುತ್ತೆ ಅನ್ನೋದೂ ನಿಜವೇ. ಹೊಟ್ಟೆಗೆ ರೊಟ್ಟಿ ಬೇಕಾದಾಗ ನಾವು ಅದರ ಬಾಯಿ ಮುಚ್ಚಿಸ್ತಾ ಇದ್ದೀವಿ, ಅಷ್ಟೇ.

ಇನ್ನು ಗುಟ್ಕಾ. ಭೀಮಾ ನದಿಯ ಆ ಕಡೆ ಮಹಾರಾಷ್ಟ್ರದಲ್ಲಿ 2012ರಲ್ಲಿ, ಈ ಕಡೆ ನಮ್ಮಲ್ಲಿ 2013ರ ಮೇ ತಿಂಗಳಲ್ಲಿ ನಿಷೇಧ ಆಯ್ತು. ಕಂಪನಿಗಳು ಏನು ಮಾಡಿದ್ವು? ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ತಗೊಂಡು ನೀವೇ ಬೆರೆಸ್ಕೊಳ್ಳಿ! ಕಾನೂನು ಬಾಗಿಲು ಕಾಯ್ತಿತ್ತು, ಸರಕು ಕಿಟಕಿಯಿಂದ ಒಳಗೆ ಬಂತು. ಇಲ್ಲೊಂದು ಮಾತು ಗಮನ ಇಟ್ಟು ಕೇಳಿ. "ತಂಬಾಕು ಬಿಟ್ಟೇನ್ರೀ, ಈಗ ಬರೇ ಅಡಿಕೆ" ಅಂತ ಸಮಾಧಾನ ಪಟ್ಕೊಳ್ಳೋರಿದ್ದಾರೆ. ಅಡಿಕೆ ಕೂಡ ಅದೇ ಮೊದಲನೇ ಗುಂಪಿನಲ್ಲಿದೆ. ದಿನವಿಡೀ ಅಡಿಕೆ ಚೂರು ಜಗಿದ್ರೆ ಕೆನ್ನೆಯ ಒಳಗಿನ ಚರ್ಮ ಚಕ್ಕಳದ ಹಾಗೆ ಬಿಗೀತಾ ಹೋಗುತ್ತೆ. ಖಾರ ತಿಂದ್ರೆ ಉರಿ, ಆಮೇಲೆ ಬಾಯಿ ತೆರೆಯೋಕೆ ಆಗಲ್ಲ. ರೊಟ್ಟಿ ಊರಿನ ಹುಡುಗ ರೊಟ್ಟಿ ತಿನ್ನೋಕಾಗದೆ ಗಂಜಿ ಕುಡಿಯೋ ಸ್ಥಿತಿ ಬರುತ್ತೆ. ಅವರಲ್ಲಿ ಕೆಲವರಿಗೆ ಅದು ಮುಂದೆ ಕ್ಯಾನ್ಸರ್ ಆಗುತ್ತೆ.

ಓದೋಕೆ ಅಂತ ವಿಜಯಪುರಕ್ಕೆ, ಬೆಂಗಳೂರಿಗೆ ಹೋದ ಮಕ್ಕಳ ಕೈಗೆ ಈಗ ಹೊಸ ವೇಷ ಬಂದಿದೆ. ವೇಪ್. ನೋಡೋಕೆ ಪೆನ್ನು, ಪೆನ್‌ಡ್ರೈವ್ ಥರ. ಮಾವಿನಹಣ್ಣಿನ ವಾಸನೆ, ಪುದೀನ ವಾಸನೆ. ಅಪ್ಪ ಅಮ್ಮನಿಗೆ ಅನುಮಾನವೂ ಬರಲ್ಲ. ಒಳಗಿರೋದು ನಿಕೋಟಿನ್ ಬೆರೆತ ದ್ರವ. ಬ್ಯಾಟರಿ ಅದನ್ನ ಕಾಯಿಸಿ ಆವಿ ಮಾಡುತ್ತೆ. ಸಿಗರೇಟಿನ ಟಾರ್ ಇಲ್ಲ, ಒಪ್ಪೋಣ. ಆದರೆ ಚಟ ಹತ್ತಿಸೋ ನಿಕೋಟಿನ್ ಅದೇ. ಮೆದುಳು ಬೆಳೀತಾ ಇರೋದು ಸುಮಾರು 25ನೇ ವಯಸ್ಸಿನವರೆಗೆ. 2019-20ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, 68 ಮಂದಿ ಸತ್ತರು. ಅದರಲ್ಲಿ ಬಹುಪಾಲು ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ಎಣ್ಣೆಯ ಕೆಲಸ. ಕದ್ದು ಮಾರೋ ಮಾಲಿನಲ್ಲಿ ಏನು ಬೆರೆತಿದೆ ಅಂತ ನಮ್ಮ ಹುಡುಗರಿಗೆ ಯಾರು ಹೇಳ್ತಾರೆ? ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು, 2019ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಮಾರಿದ್ರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2025ರಲ್ಲಿ ನಮ್ಮ ರಾಜ್ಯ ತಂಬಾಕು ಕೊಳ್ಳೋ ವಯಸ್ಸನ್ನ 18ರಿಂದ 21ಕ್ಕೆ ಏರಿಸಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 1,000 ರೂಪಾಯಿ. ಕಾಗದದ ಮೇಲೆ ಎಲ್ಲಾ ಇದೆ. ಶಾಲೆ ಎದುರಿನ ಡಬ್ಬಾ ಅಂಗಡಿಯಲ್ಲಿ ಇದೆಯಾ? ಅಧಿಕಾರಿಗಳೇ, ಈ ಪ್ರಶ್ನೆ ನಿಮಗೆ.

ವೀಕ್ಷಕರೇ, ಬಾಯಿಯ ಕ್ಯಾನ್ಸರಿಗೆ ಒಂದು ಗುಣ ಇದೆ. ಅದು ಕಣ್ಣಿಗೆ ಕಾಣುತ್ತೆ. ಹೊಟ್ಟೆಯೊಳಗಿನ ಗಡ್ಡೆಗೆ ಸ್ಕ್ಯಾನ್ ಬೇಕು, ಇದಕ್ಕೆ ಕನ್ನಡಿ ಮತ್ತು ಟಾರ್ಚ್ ಸಾಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದ್ರೂ ಮಾಯದ ಹುಣ್ಣು, ಗಂಟು, ಅಲ್ಲಾಡೋ ಹಲ್ಲು, ನುಂಗೋಕೆ ಕಷ್ಟ, ಮೂರು ಬೆರಳು ಉದ್ದಕ್ಕೆ ಜೋಡಿಸಿದ್ರೆ ಬಾಯೊಳಗೆ ಹೋಗದಿರೋದು. ಇದರಲ್ಲಿ ಒಂದು ಇದ್ರೂ ಮರುದಿನವೇ ಡಾಕ್ಟರ್ ಹತ್ರ ಹೋಗಿ. ಮೊದಮೊದಲು ಅದು ನೋಯೋದೇ ಇಲ್ಲ. ನೋವಿಲ್ಲ ಅಂತ ಸುಮ್ಮನಾಗ್ತಾರೆ. ನೋವು ಶುರುವಾದ ಮೇಲೆ ಸೊಲ್ಲಾಪುರ, ಬಾರ್ಶಿ, ಮಿರಜ್, ಹುಬ್ಬಳ್ಳಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಅಂತ ಅಲೀತಾರೆ. ಹೊಲ ಅಡ ಇಡ್ತಾರೆ. 30 ದಾಟಿದವರಿಗೆ ಊರಿನ ಆರೋಗ್ಯ ಕೇಂದ್ರದಲ್ಲೇ ಬಾಯಿ ತಪಾಸಣೆಯ ಕಾರ್ಯಕ್ರಮ ಇದೆ. ಕೇಳಿ ಮಾಡಿಸ್ಕೊಳ್ಳಿ.

ಬಿಡೋದು ಹೇಗೆ? ಕಷ್ಟ ಇದೆ, ಸುಳ್ಳು ಹೇಳಲ್ಲ. ಮೊದಲ ಮೂರು ದಿನ ತಲೆನೋವು, ಸಿಟ್ಟು, ನಿದ್ದೆ ಇಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಬೇಕೇ ಬೇಕು ಅನ್ನೋ ಆಸೆ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತೆ. ಆ ನಿಮಿಷ ದಾಟಿಸಿ. ನೀರು ಕುಡೀರಿ, ನಾಲ್ಕು ಕಾಳು ಶೇಂಗಾ, ಸೋಂಪು ಬಾಯಿಗೆ ಹಾಕಿ. 1800-11-2356 ಅಂತ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ತಂಬಾಕು ಬಿಡಿಸೋ ಕೇಂದ್ರ ಇದೆ. ದಿನಕ್ಕೆ 30 ರೂಪಾಯಿ ಚೀಟಿಗೆ ಹೋಗ್ತಿದೆ ಅಂತ ಹಿಡೀರಿ, ವರ್ಷಕ್ಕೆ 10,950 ಆಯ್ತು. ಮಗಳ ಕಾಲೇಜು ಫೀಸಿಗೆ ಆಸರೆ ಆಗೋ ದುಡ್ಡು ಅದು.

ನಮ್ಮ ದೇಶದಲ್ಲಿ ತಂಬಾಕು ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನರ ಜೀವ ತೆಗೀತಿದೆ. ಇಂಥ ಸಾವು ಬ್ರೇಕಿಂಗ್ ನ್ಯೂಸ್ ಆಗಲ್ಲ, ಯಾಕಂದ್ರೆ ಅದು ಒಂದೊಂದೇ ಮನೆಯಲ್ಲಿ, ಸದ್ದಿಲ್ಲದೆ ಆಗುತ್ತೆ. ಹಾಗಾಗಿ ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚ್ ಹಚ್ಚಿ, ಅಪ್ಪನಿಗೋ ಅವ್ವನಿಗೋ ಬಾಯಿ ತೆರೀರಿ ಅನ್ನಿ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ನೋಡಿ. ಬೈದ್ರೆ ಬೈಸ್ಕೊಳ್ಳಿ.