ಹೆದ್ದಾರಿಯಲ್ಲಿ ಪಿಕಪ್ ವಾಹನದ ಕಂಪನ: ಕಾರಣವನ್ನು ಗುರುತಿಸುವ ಕ್ರಮ

ಸರಕು ಸಾಗಿಸುವ ಚಿಕ್ಕ ಲಾರಿಗೆ ‘ಪಿಕಪ್’ ಎಂಬ ಹೆಸರು ಈಗ ರೂಢಿಯಾಗಿದೆ. ಮುಂಬಯಿಯಲ್ಲಿಯೂ ಕರ್ನಾಟಕದ ಊರುಗಳಲ್ಲಿಯೂ ಜನ ಅದನ್ನು ‘ಟೆಂಪೊ’ ಎಂದೂ ಕರೆಯುವುದುಂಟು. ಊರೊಳಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಯಾವ ತೊಂದರೆಯನ್ನೂ ಕೊಡದ ಈ ವಾಹನ ಹೆದ್ದಾರಿಯನ್ನು ಸೇರಿ 70–80 ಕಿ.ಮೀ. ವೇಗವನ್ನು ಮುಟ್ಟಿದೊಡನೆ ನಡುಗತೊಡಗುತ್ತದೆ ಎಂಬ ದೂರು ಸರ್ವಸಾಮಾನ್ಯವಾದುದು. ದೂರು ಒಂದೇ ಆದರೂ ಕಾರಣಗಳು ಹಲವು. ಚಾಲಕನು “ಗಾಡಿ ನಡುಗುತ್ತದೆ” ಎಂದಷ್ಟೇ ಹೇಳಿದರೆ, ದುರಸ್ತಿ ಮಾಡುವವನು ತನಗೆ ತೋಚಿದ ಭಾಗವನ್ನು ಬಿಚ್ಚುವುದರ ಹೊರತು ಬೇರೇನು ತಾನೆ ಮಾಡಿಯಾನು?

ವೃತ್ತಿಯಿಂದ ಬ್ಯಾಂಕಿನವನಾದ ಈ ಲೇಖಕನಿಗೆ ಇಂತಹ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣವುಂಟು. ಪಿಕಪ್ಪುಗಳಲ್ಲಿ ಅನೇಕವು ಸಾಲದ ಮೇಲೆ ಕೊಂಡವು. ಅವುಗಳ ಮಾಲೀಕನೇ ಚಾಲಕ, ಚಾಲಕನೇ ಮಾಲೀಕ. ಮೊದಲು ಟೈರು, ಬಳಿಕ ಷಾಕ್ ಅಬ್ಸಾರ್ಬರು, ಅದಾದ ಮೇಲೆ ಸ್ಟೀರಿಂಗಿನ ಭಾಗಗಳು ಎಂದು ಅಂದಾಜಿನ ಮೇಲೆ ನಡೆಯುವ ದುರಸ್ತಿ ಆತನ ತಿಂಗಳ ಕಂತನ್ನು ನುಂಗಿಹಾಕುತ್ತದೆ. ಖರ್ಚಿಗೆ ಹೆದರಿ “ಹಳೆಯ ಗಾಡಿ, ಹೀಗೆಯೇ” ಎಂದು ಉಪೇಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ಎರಡು ಅನರ್ಥಗಳ ನಡುವೆ ಒಂದು ಮಾರ್ಗವಿದೆ. ಅದೆಂತೆಂದರೆ, ಯಾವ ಭಾಗವನ್ನೂ ಬದಲಾಯಿಸುವ ಮುನ್ನ ‘ಈ ಕಂಪನವು ಯಾವುದರ ವೇಗವನ್ನು ಅನುಸರಿಸುತ್ತಿದೆ?’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು.

ವಾಹನದಲ್ಲಿ ತಿರುಗತಕ್ಕ ಮುಖ್ಯ ಅಂಗಗಳು ಮೂರು: ಚಕ್ರಗಳು, ಎಂಜಿನ್ನು, ಮತ್ತು ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಉಕ್ಕಿನ ಕೊಳವೆ. ಒಂದೇ ವೇಗದಲ್ಲಿ ಓಡುತ್ತಿರುವಾಗಲೂ ಈ ಮೂರೂ ಬೇರೆಬೇರೆ ಲೆಕ್ಕದಲ್ಲಿ ಸುತ್ತುತ್ತವೆ. 235/75 ಆರ್ 15 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಅದರ ವ್ಯಾಸ ಸುಮಾರು 73 ಸೆಂಟಿಮೀಟರು. ಭಾರ ಹೊತ್ತು ಉರುಳುವಾಗ ಒಂದು ಸುತ್ತಿಗೆ ಸುಮಾರು 2¼ ಮೀಟರು ಮುಂದೆ ಸಾಗುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರಿಗಿಂತ ತುಸು ಹೆಚ್ಚು. ಆದುದರಿಂದ ಚಕ್ರವು ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಹಲ್ಲುಗಳ ಪ್ರಮಾಣ 4.1 ಎಂದಿಟ್ಟುಕೊಂಡರೆ ಶಾಫ್ಟ್ 41 ಸುತ್ತು ತಿರುಗುತ್ತದೆ. ಐದನೆಯ ಗೇರಿನ ಪ್ರಮಾಣ 0.8 ಆಗಿದ್ದರೆ ಎಂಜಿನ್ನು ಸುಮಾರು 33 ಸುತ್ತು. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ದಹನಗಳಾದ್ದರಿಂದ ಅದರ ಮಿಡಿತ ಸೆಕೆಂಡಿಗೆ 66. ಹತ್ತು, ನಲವತ್ತೊಂದು, ಮೂವತ್ತಮೂರು, ಅರವತ್ತಾರು: ಈ ಅಂಕಿಗಳೇ ಅಪರಾಧಿಯ ಹೆಜ್ಜೆಗುರುತುಗಳು.

ಈ ಹೆಜ್ಜೆಗಳನ್ನು ಹಿಡಿಯಲು ಮೈಯೇ ಮೊದಲ ಉಪಕರಣ. ಸೆಕೆಂಡಿಗೆ 20ಕ್ಕಿಂತ ಕಡಮೆಯಾದ ಕಂಪನವನ್ನು ಕಿವಿ ಸ್ವರವಾಗಿ ಕೇಳಲಾರದು. ಅದು ಕೈಗೂ ಸೊಂಟಕ್ಕೂ ಮಾತ್ರ ತಿಳಿಯುತ್ತದೆ. ನಲವತ್ತನ್ನು ಮುಟ್ಟಿದುದು ಅಂಗಾಲಿಗೂ ತಾಗುತ್ತದೆ, ಕಿವಿಗೂ ಕೇಳಿಸುತ್ತದೆ. ಈ ಭೇದಗಳನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ. ಸೆಕೆಂಡಿಗೆ ಒಂದೆರಡು ಬಾರಿ ಆಗುವುದನ್ನು ‘ಓಲಾಟ’ವೆನ್ನೋಣ, ಇದು ಷಾಕ್ ಅಬ್ಸಾರ್ಬರು ಸವೆದುದರ ಲಕ್ಷಣ. ಹತ್ತರ ಆಸುಪಾಸಿನದು ‘ನಡುಕ’. ಇದು ಚಕ್ರದ ಕಡೆಯದು. ಮೂವತ್ತು ನಲವತ್ತನ್ನು ದಾಟಿ ಅಂಗಾಲಿಗೆ ಜುಮ್ಮೆನಿಸುವುದು ‘ಅದುರು’. ಇದು ಶಾಫ್ಟಿನದೊ ಎಂಜಿನ್ನಿನದೊ ಆಗಿರಬೇಕು. ಚಾಲಕನು ಈ ಮೂರು ಮಾತುಗಳನ್ನು ಬೇರ್ಪಡಿಸಿ ಬಳಸಿದರೆ ಶೋಧನೆಯ ಅರ್ಧ ಕೆಲಸ ಮುಗಿದಂತೆಯೇ ಸರಿ. ಇನ್ನೂ ನಿಖರವಾಗಿ ತಿಳಿಯಬೇಕೆಂಬವರಿಗೆ ಇಂದಿನ ಮೊಬೈಲ್ ಫೋನಿನಲ್ಲಿರುವ ವೇಗೋತ್ಕರ್ಷಮಾಪಕವು ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ತೋರಿಸಬಲ್ಲದು. ಅದನ್ನು ನೋಡತಕ್ಕವನು ಪಕ್ಕದಲ್ಲಿ ಕುಳಿತವನೇ ಹೊರತು ಚಾಲಕನಲ್ಲ.

ನಿಧಾನದಲ್ಲಿ ಕಾಣದ ನಡುಕ ವೇಗದಲ್ಲಿ ಏಕೆ ಕಾಣಿಸಿಕೊಳ್ಳುತ್ತದೆ? ಇದಕ್ಕೆ ಎರಡು ಕಾರಣಗಳುಂಟು. ತಿರುಗುವ ವಸ್ತುವಿನ ಒಂದು ಪಾರ್ಶ್ವ ಭಾರವಾಗಿದ್ದರೆ ಅದು ಹೊರಕ್ಕೆಳೆಯುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. 15 ಅಂಗುಲದ ರಿಮ್ಮಿನ ಅಂಚಿನಲ್ಲಿ ಕೇವಲ 30 ಗ್ರಾಮಿನ ಅಸಮತೋಲವಿದ್ದರೆ, 80 ಕಿ.ಮೀ. ವೇಗದಲ್ಲಿ ಅದು ಎರಡು ಕಿಲೋಗ್ರಾಮಿಗೂ ಮೀರಿದ ಭಾರದಂತೆ ಚಕ್ರವನ್ನು ಸೆಕೆಂಡಿಗೆ ಹತ್ತು ಬಾರಿ ಜಗ್ಗುತ್ತದೆ. ಎರಡನೆಯ ಕಾರಣ ಅನುರಣನ. ಟೈರಿನ ಗಾಳಿಯ ಮೇಲೆ ಪುಟಿಯುವ ಆಕ್ಸಲ್ ಮತ್ತು ಚಕ್ರಗಳಿಗೆ ಸೆಕೆಂಡಿಗೆ ಸುಮಾರು 10ರಿಂದ 15ರವರೆಗೆ ತಮ್ಮದೇ ಆದ ಸ್ವಾಭಾವಿಕ ತೂಗು ಇರುತ್ತದೆ. ಚಕ್ರದ ಸುತ್ತು ಇದರೊಡನೆ ಕೂಡಿಬಂದಾಗ ಚಿಕ್ಕ ದೋಷ ದೊಡ್ಡದಾಗಿ ತೋರುತ್ತದೆ. ವೇಗ ಇನ್ನಷ್ಟು ಹೆಚ್ಚಿದಾಗ ಕೆಲವೊಮ್ಮೆ ಅಡಗುವುದೂ ಉಂಟು. ಹಾಗೆ ಅಡಗಿದ ಮಾತ್ರಕ್ಕೆ ದೋಷವು ಪರಿಹಾರವಾಯಿತೆಂದು ಭಾವಿಸಲಾಗದು. 2018ರ ಕೇಂದ್ರ ಅಧಿಸೂಚನೆಯು ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಗಂಟೆಗೆ 80 ಕಿ.ಮೀ. ಮಿತಿಯನ್ನು ವಿಧಿಸಿದೆ. ಪರೀಕ್ಷೆಗೆ ಆ ಮಿತಿಯೊಳಗಿನ ವೇಗವೇ ಸಾಕು.

ಪರೀಕ್ಷೆಯ ಮೊದಲ ಮೆಟ್ಟಿಲಿಗೆ ಕಾಸಿನ ಖರ್ಚಿಲ್ಲ. ಟೈರುಗಳ ಗಾಳಿ ಸರಿಯಾಗಿದೆಯೆ, ರಿಮ್ಮಿನ ಒಳಬದಿಯಲ್ಲಿ ಕೆಸರು ಒಣಗಿ ಅಂಟಿದೆಯೆ, ಚಕ್ರದ ನಟ್ಟುಗಳೆಲ್ಲ ಸಮನಾಗಿ ಬಿಗಿದಿವೆಯೆ, ಟೈರಿನ ಮೇಲೆ ಎಲ್ಲಾದರೂ ಉಬ್ಬು ಇದೆಯೆ ಎಂದು ನೋಡತಕ್ಕದ್ದು. ಮಳೆಗಾಲದಲ್ಲಿ ಕೆಸರೊಂದೇ ನಡುಕಕ್ಕೆ ಸಾಕಾದ ಕಾರಣ. ಉಬ್ಬು ಕಂಡರೆ ಮುಂದಿನ ಪರೀಕ್ಷೆಗೆ ಹೋಗದೆ ಟೈರನ್ನು ಕೂಡಲೇ ತೆಗೆಯಬೇಕು. ಒಳಗಿನ ಪದರ ಬಿಟ್ಟುಕೊಂಡಿರುವ ಟೈರು ವೇಗದಲ್ಲಿ ಸಿಡಿಯಬಹುದು.

ಎರಡನೆಯ ಮೆಟ್ಟಿಲು ಎಂಜಿನ್ನನ್ನೂ ರಸ್ತೆಯ ವೇಗವನ್ನೂ ಬೇರ್ಪಡಿಸುವುದು. ನೇರವಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ನಡುಕ ಸ್ಪಷ್ಟವಾಗಿರುವ ವೇಗದಲ್ಲಿ ಐದನೆಯ ಗೇರಿನಲ್ಲಿ ಓಡಿಸಿ, ಅದೇ ವೇಗವನ್ನು ಉಳಿಸಿಕೊಂಡು ನಾಲ್ಕನೆಯ ಗೇರಿಗೆ ಬರಬೇಕು. ಚಕ್ರ ಮತ್ತು ಶಾಫ್ಟುಗಳ ಸುತ್ತು ಹಿಂದಿನಂತೆಯೇ ಇರುತ್ತದೆ. ಎಂಜಿನ್ನಿನದು ಮಾತ್ರ ಹೆಚ್ಚುತ್ತದೆ. ಕಂಪನ ಬದಲಾಗದಿದ್ದರೆ ಎಂಜಿನ್ನು ನಿರಪರಾಧಿ. ಬದಲಾದರೆ ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿ ಎಂಜಿನ್ನನ್ನು ಅದೇ ಸುತ್ತಿಗೆ ಏರಿಸಿ ನೋಡಬೇಕು. ಆಗಲೂ ಅದುರಿದರೆ ಎಂಜಿನ್ನನ್ನು ಹೊತ್ತ ರಬ್ಬರಿನ ಮೌಂಟುಗಳನ್ನೂ, ಚಾಸಿಗೆ ತಗಲುತ್ತಿರಬಹುದಾದ ಹೊಗೆ ಕೊಳವೆಯನ್ನೂ ಪರೀಕ್ಷಿಸತಕ್ಕದ್ದು. ಓಡುವ ಗಾಡಿಯಲ್ಲಿ ಎಂಜಿನ್ನನ್ನು ಆರಿಸಿ ಪರೀಕ್ಷಿಸುವುದು ಸರ್ವಥಾ ಕೂಡದು. ಬ್ರೇಕಿಗೂ ಸ್ಟೀರಿಂಗಿಗೂ ದೊರೆಯುವ ನೆರವು ಅದರಿಂದ ತಪ್ಪಿಹೋಗುತ್ತದೆ.

ಮೂರನೆಯದು ಸ್ಥಾನನಿರ್ಣಯ. ಕಂಪನ ಸ್ಟೀರಿಂಗಿನಲ್ಲಿ ಹೆಚ್ಚಾಗಿದ್ದರೆ ಮುಂದಿನ ಚಕ್ರಗಳನ್ನೂ, ಆಸನದಲ್ಲಿಯೂ ನೆಲದಲ್ಲಿಯೂ ಹೆಚ್ಚಾಗಿದ್ದರೆ ಹಿಂದಿನ ಚಕ್ರಗಳನ್ನೂ ಶಾಫ್ಟನ್ನೂ ಶಂಕಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ದೋಷ ಬ್ರೇಕಿನ ತಟ್ಟೆಯದು. ಅದಕ್ಕಾಗಿ ಟೈರು ಕೊಳ್ಳುವುದು ವ್ಯರ್ಥ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಳತೆ ಒಂದೇ ಆಗಿದ್ದಲ್ಲಿ ಅವನ್ನು ಅದಲುಬದಲು ಮಾಡಿ ನೋಡಬಹುದು. ನಡುಕ ಸ್ಟೀರಿಂಗಿನಿಂದ ಆಸನಕ್ಕೆ ಸರಿದರೆ ಚಕ್ರಗಳೇ ಕಾರಣವೆಂದು ಸಿದ್ಧವಾಯಿತು. ನಡುಕ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ದೋಷ ಎರಡು ಚಕ್ರಗಳಲ್ಲಿ ಇರಬಹುದು. ಶ್ರುತಿ ಪೂರ್ತಿ ಕೂಡದ ತಂಬೂರಿಯ ಎರಡು ತಂತಿಗಳನ್ನು ಮೀಟಿದಾಗ ನಾದ ಅಲೆಯಲೆಯಾಗಿ ಬರುವುದನ್ನು ಸಂಗೀತಪ್ರಿಯರು ಬಲ್ಲರು. ಸುತ್ತಿನಲ್ಲಿ ಅತ್ಯಲ್ಪ ವ್ಯತ್ಯಾಸವಿರುವ ಎರಡು ಚಕ್ರಗಳೂ ಹಾಗೆಯೇ ಒಮ್ಮೆ ಕೂಡಿ ಒಮ್ಮೆ ಅಗಲುತ್ತವೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯ. ‘ಅಲೈನ್‌ಮೆಂಟ್’ ಕೆಟ್ಟರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಅದು ತಾನಾಗಿ ನಡುಕವನ್ನು ಹುಟ್ಟಿಸುವುದು ವಿರಳ. ಅದಕ್ಕಿಂತ ಬೇರೆಯಾದ ‘ಬ್ಯಾಲೆನ್ಸಿಂಗ್’ ಕೂಡ ಸರ್ವರೋಗಕ್ಕೆ ಮದ್ದಲ್ಲ. ಟೈರು ಅಥವಾ ರಿಮ್ಮು ದುಂಡಗಿಲ್ಲದಿದ್ದರೆ ಯಂತ್ರದ ಮೇಲೆ ತೂಕ ಸಮವಾಗಿ ಕಂಡರೂ ರಸ್ತೆಯ ಮೇಲೆ ಅದು ಗಾಡಿಯನ್ನು ಎತ್ತಿ ಎತ್ತಿ ಹಾಕುತ್ತದೆ. ಚಕ್ರವನ್ನು ನೆಲದಿಂದ ಎತ್ತಿ, ಅದರ ಸಮೀಪದಲ್ಲಿ ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಕೈಯಿಂದ ತಿರುಗಿಸಿದರೆ ಉಬ್ಬಿರುವೆಡೆಯಲ್ಲಿ ಮಾತ್ರ ಗೆರೆ ಮೂಡುತ್ತದೆ.

ಚಕ್ರಗಳು ನಿರ್ದೋಷಿಗಳೆಂದಾದ ಮೇಲೆ ಉಳಿಯುವುದು ಪ್ರೊಪೆಲ್ಲರ್ ಶಾಫ್ಟ್. ಕಾರುಗಳಿಗಿಂತ ಪಿಕಪ್ಪುಗಳಲ್ಲಿ ಇದರ ವಿಚಾರ ಮುಖ್ಯವಾದುದು. ಏಕೆಂದರೆ ಶಾಫ್ಟ್ ಉದ್ದವಾಗಿರುತ್ತದೆ, ಹೊರುವ ಭಾರ ದಿನಕ್ಕೊಂದು ಬಗೆಯಾಗಿರುತ್ತದೆ. ಶಾಫ್ಟಿನ ತುದಿಗಳಲ್ಲಿರುವ ಯು.ಜೆ. ಕ್ರಾಸ್ ಎಂಬ ಕೀಲನ್ನು 17ನೆಯ ಶತಮಾನದಲ್ಲಿಯೇ ರಾಬರ್ಟ್ ಹುಕ್ ವಿವೇಚಿಸಿದ್ದನು. ಕೋನದಲ್ಲಿ ತಿರುಗುವಾಗ ಈ ಕೀಲು ತಾನು ಪಡೆದ ಸಮವೇಗವನ್ನು ಸಮವಾಗಿ ಮುಂದೊಯ್ಯದೆ, ಸುತ್ತಿಗೆ ಎರಡು ಬಾರಿ ಹಿಗ್ಗಿಸಿ ಕುಗ್ಗಿಸುತ್ತದೆ. ಎರಡು ತುದಿಗಳ ಕೋನಗಳು ಸಮನಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಹೆಚ್ಚು ಹೊರೆ ಹೊರಲೆಂದು ಹಿಂದಿನ ಕಮಾನಿಗೆ ಹೆಚ್ಚುವರಿ ಪಟ್ಟಿಗಳನ್ನು ಕೂಡಿಸಿದಾಗ ಗಾಡಿಯ ಹಿಂಭಾಗ ಏಳುತ್ತದೆ, ಕೋನಗಳು ಹೆಚ್ಚುತ್ತವೆ, ಆ ಸಮತ್ವವೂ ಕೆಡಬಹುದು. ಖಾಲಿ ಗಾಡಿ ಅದುರಿ, ಹೊರೆ ಹೇರಿದಾಗ ಅದುರು ನಿಂತರೆ ಈ ಕೋನಗಳನ್ನೇ ಮೊದಲು ಅಳೆಯಿಸಬೇಕು. ಶಾಫ್ಟನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಹಳೆಯ ಸ್ಥಾನ ತಪ್ಪಿದರೂ ಇದೇ ಫಲ. ಆದುದರಿಂದ ಬಿಚ್ಚುವ ಮುನ್ನವೇ ಬಣ್ಣದಿಂದ ಗುರುತು ಮಾಡಿಸುವುದು ವಿವೇಕ. ಕ್ರಾಸ್ ಸವೆದಿದೆಯೆ ಎಂದು ತಿಳಿಯಲು ಎಂಜಿನ್ನನ್ನು ಆರಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿ ನೋಡಬೇಕು. ಕೀಲಿನಲ್ಲಿ ಸಡಿಲು ಕಂಡರೆ ಅದನ್ನು ಬದಲಾಯಿಸಲೇಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಸುಳಬಾರದು.

ಈ ಪರೀಕ್ಷೆಗಳ ಫಲವನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು ಉಚಿತ: ವೇಗವೆಷ್ಟು, ಗೇರು ಯಾವುದು, ಹೊರೆಯಿತ್ತೆ, ಎಲ್ಲಿ ತಿಳಿಯಿತು, ಬ್ರೇಕ್ ಒತ್ತಿದಾಗ ಏನಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಮತ್ತೆ ಓಡಿಸಿ ನೋಡಬೇಕು; ಮೂರನ್ನು ಒಮ್ಮೆಗೇ ಬದಲಾಯಿಸಿದರೆ ಗುಣ ಯಾವುದರಿಂದಾಯಿತೆಂಬುದು ತಿಳಿಯುವುದಿಲ್ಲ, ಬೆಲೆ ಮಾತ್ರ ಮೂರರದನ್ನೂ ತೆರಬೇಕಾಗುತ್ತದೆ. ಜಮಾಖರ್ಚು ತಾಳೆಯಾಗದಿದ್ದಾಗ ಲೆಕ್ಕಿಗನು ಪುಸ್ತಕವನ್ನೇ ಬದಲಾಯಿಸುವುದಿಲ್ಲ. ಸಾಲುಸಾಲಾಗಿ ನೋಡಿ ತಪ್ಪಿದ ಅಂಕಿಯನ್ನು ಹುಡುಕುತ್ತಾನೆ. ಹಾಗಿದ್ದರೂ ಎಲ್ಲ ಕಂಪನಗಳಿಗೂ ಇಷ್ಟು ಕಾಲಾವಕಾಶವಿರುವುದಿಲ್ಲ. ಇದುವರೆಗೆ ಇಲ್ಲದಿದ್ದ ನಡುಕ ಇದ್ದಕ್ಕಿದ್ದಂತೆ ಹುಟ್ಟಿ ಕ್ಷಣಕ್ಷಣಕ್ಕೂ ಹೆಚ್ಚುತ್ತಿದ್ದರೆ, ಅಥವಾ ಕೆಳಗಿನಿಂದ ಲೋಹದ ಬಡಿತ ಕೇಳಿಬಂದರೆ, ನಟ್ಟುಗಳು ಸಡಿಲವಾಗಿವೆಯೆಂದೊ ಟೈರು ಬಿಟ್ಟುಕೊಳ್ಳುತ್ತಿದೆಯೆಂದೊ ಕೀಲು ಮುರಿಯುತ್ತಿದೆಯೆಂದೊ ತಿಳಿಯತಕ್ಕದ್ದು. ವೇಗದಲ್ಲಿರುವಾಗ ಶಾಫ್ಟಿನ ಮುಂತುದಿ ಕಳಚಿ ನೆಲಕ್ಕೆ ಬಿದ್ದರೆ ಚಾಲಕನ ಚಾತುರ್ಯ ಉಪಯೋಗಕ್ಕೆ ಬರಲಾರದು. ಆಗ ಮಾಡತಕ್ಕ ಕೆಲಸ ಒಂದೇ: ವೇಗವನ್ನು ಮೆಲ್ಲನೆ ತಗ್ಗಿಸಿ, ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸುವುದು. ಸರಕು ಒಂದು ದಿನ ತಡವಾಗಿ ತಲಪಿದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು.