ಬಾಯಿಯ ಮೂಲಕ ರೊಬಾಟ್ ಶಸ್ತ್ರಚಿಕಿತ್ಸೆ: ಉಪಯೋಗ, ಮಿತಿ ಮತ್ತು ವೆಚ್ಚ

ನಾಲಗೆಯ ಬುಡದಲ್ಲಿ, ಟಾನ್ಸಿಲ್‌ನಲ್ಲಿ ಹಾಗೂ ಗಂಟಲಿನ ಒಳಭಿತ್ತಿಯಲ್ಲಿ ಬೆಳೆಯುವ ಗಡ್ಡೆಗಳು ಶಸ್ತ್ರವೈದ್ಯರ ಕೈಗೆ ಸುಲಭವಾಗಿ ಎಟುಕುವಂಥವಲ್ಲ. ಹಿಂದೆ ಅನೇಕ ವೇಳೆ ಕೆಳತುಟಿಯನ್ನು ಸೀಳಿ, ಕೆಳದವಡೆಯ ಮೂಳೆಯನ್ನು ಕತ್ತರಿಸಿ ದಾರಿ ಮಾಡಿಕೊಳ್ಳಬೇಕಾಗುತ್ತಿತ್ತು. ಗಡ್ಡೆ ಹೋದರೂ ನುಂಗುವ ಮತ್ತು ಮಾತನಾಡುವ ಶಕ್ತಿ ಕುಂದುತ್ತಿತ್ತು. ಮಾತೇ ಬಂಡವಾಳವಾಗಿರುವ ವ್ಯಾಪಾರಿಗೆ ಇದು ಎಂತಹ ನಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯರಾದ ಗ್ರೆಗರಿ ವೈನ್‌ಸ್ಟೀನ್ ಮತ್ತು ಬರ್ಟ್ ಒಮ್ಯಾಲಿ ಅವರು ಬಾಯಿಯ ಮೂಲಕವೇ ರೊಬಾಟ್ ಉಪಕರಣಗಳನ್ನು ಒಳಸೇರಿಸುವ ವಿಧಾನವನ್ನು ರೂಪಿಸಿದರು. 2009ರ ಡಿಸೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆರಂಭಿಕ ಹಂತದ ಗಡ್ಡೆಗಳಿಗೆ, ಎಂದರೆ ಸಾಮಾನ್ಯವಾಗಿ 4 ಸೆಂ.ಮೀ. ಮೀರದವುಗಳಿಗೆ, ‘ಡಾ ವಿಂಚಿ’ ಯಂತ್ರದ ಈ ಬಳಕೆಗೆ ಅನುಮತಿ ನೀಡಿತು.

ಹೆಸರು ರೊಬಾಟ್ ಆದರೂ ಯಂತ್ರವು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಶಸ್ತ್ರವೈದ್ಯರು ಸಮೀಪದಲ್ಲೇ ಕುಳಿತು, ಆಳ-ಅಗಲಗಳನ್ನು ಹಿಗ್ಗಿಸಿ ತೋರಿಸುವ ದೃಶ್ಯವನ್ನು ನೋಡುತ್ತಾ ಯಂತ್ರದ ತೋಳುಗಳನ್ನು ನಡೆಸುತ್ತಾರೆ. ಕೈನಡುಕವು ಉಪಕರಣದ ತುದಿಗೆ ತಲುಪದಂತೆ ಯಂತ್ರವು ತಡೆಯುತ್ತದೆ. ಆ ತುದಿಯು ಮಣಿಕಟ್ಟಿನಂತೆ ತಿರುಗಬಲ್ಲದು.

ಆದರೆ ಇದು ಸರ್ವರೋಗ ಪರಿಹಾರಕವಲ್ಲ. ಚಿಕಿತ್ಸೆಯ ನಂತರ ರಕ್ತಸ್ರಾವದ ಅಪಾಯವುಂಟು. 2019ರಲ್ಲಿ ಪ್ರಕಟವಾದ ಒಂದು ತುಲನಾತ್ಮಕ ಅಧ್ಯಯನದಲ್ಲಿ, ನುಂಗುವ ಸಾಮರ್ಥ್ಯದ ವಿಷಯದಲ್ಲಿ ಈ ಶಸ್ತ್ರಚಿಕಿತ್ಸೆಯು ವಿಕಿರಣ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ನಮ್ಮ ದೇಶದಲ್ಲಿ ತಂಬಾಕು ಮತ್ತು ಅಡಿಕೆ ಸೇವನೆಯಿಂದ ಹೆಚ್ಚಾಗಿ ಉಂಟಾಗುವ ಕೆನ್ನೆ ಹಾಗೂ ವಸಡಿನ ಗಡ್ಡೆಗಳು ಕಣ್ಣಿಗೆ ನೇರವಾಗಿ ಕಾಣುವುದರಿಂದ ಅವುಗಳಿಗೆ ಸಾಮಾನ್ಯವಾಗಿ ರೊಬಾಟ್ ಅಗತ್ಯವಿಲ್ಲ.

ವೆಚ್ಚದ ಲೆಕ್ಕವೂ ಯಂತ್ರದ ಬೆಲೆಯೊಂದಿಗೆ ಮುಗಿಯುವುದಿಲ್ಲ. ಇದರ ಉಪಕರಣಗಳನ್ನು ನಿಗದಿತ ಸಂಖ್ಯೆಯ ಬಳಕೆಯ ನಂತರ ಬದಲಿಸಬೇಕು. ವಾರ್ಷಿಕ ನಿರ್ವಹಣಾ ಶುಲ್ಕವೂ ಸೇರುತ್ತದೆ. ಈ ಭಾರವು ಅಂತಿಮವಾಗಿ ರೋಗಿಯ ಬಿಲ್ಲಿಗೇ ಬರುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಮಾರ್ಗಸೂಚಿಯಲ್ಲಿ ರೊಬಾಟ್ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಆದರೆ ಪರಿಹಾರದ ಮೊತ್ತಕ್ಕೆ ಉಪಮಿತಿ ವಿಧಿಸಲು ವಿಮಾ ಕಂಪನಿಗಳಿಗೆ ಅವಕಾಶವಿತ್ತು. ಆದುದರಿಂದ ಸಿಬ್ಬಂದಿಗಾಗಿ ಸಮೂಹ ವಿಮೆ ಮಾಡಿಸುವ ಉದ್ಯಮಿಗಳು ಪಾಲಿಸಿಯ ಈ ಕಲಮನ್ನು ಮುಂಚಿತವಾಗಿ ಓದಿಕೊಳ್ಳುವುದು ಲೇಸು.

ರೋಗಿಯ ಕಡೆಯವರು ಕೇಳಬೇಕಾದ ಪ್ರಶ್ನೆಗಳು ಮೂರು: ಗಡ್ಡೆ ಯಾವ ಜಾಗದಲ್ಲಿದೆ? ವಿಕಿರಣ ಚಿಕಿತ್ಸೆಯಿಂದ ಇದೇ ಫಲ ದೊರೆಯುವುದೇ? ಶಸ್ತ್ರವೈದ್ಯರಿಗೆ ಈ ವಿಧಾನದಲ್ಲಿ ಎಷ್ಟು ಅನುಭವವಿದೆ? ಇವುಗಳಿಗೆ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಹಣದ ಮಾತಿಗೆ ಬರುವುದು ವಿವೇಕ.