ಹಾಲಿನ ಸಕ್ಕರೆಯನ್ನು ಸೀಳುವ ಕಿಣ್ವ



ಹಾಲು ಕುಡಿದರೆ ಹೊಟ್ಟೆಯುಬ್ಬರ, ಮೊಸರು ಉಂಡರೆ ತೊಂದರೆಯಿಲ್ಲ ಎನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎರಡು ಸಣ್ಣ ಸಕ್ಕರೆಗಳ ಜೋಡಿ. ಅದನ್ನು ಸೀಳುವ ಕಿಣ್ವವು ಬಾಲ್ಯ ಕಳೆದ ಮೇಲೆ ಎಷ್ಟೋ ಮಂದಿಯ ಕರುಳಿನಲ್ಲಿ ಕಡಿಮೆಯಾಗುತ್ತದೆ. ಮೊಸರಿನ ಬ್ಯಾಕ್ಟೀರಿಯಗಳಲ್ಲಿ ಇದೇ ಕೆಲಸದ ಕಿಣ್ವವುಂಟು. ಇಂತಹ ಒಂದು ಕಿಣ್ವದ ಗುಟ್ಟು ಬಯಲಾದ ಬಗೆಯನ್ನು, ಮೆಟ್ರಿಕ್‌ವರೆಗೆ ಓದಿದ ನಾವು ಗ್ರಹಿಸಿದ ಮಟ್ಟಿಗೆ ಹೇಳುತ್ತೇವೆ.

ಮನುಷ್ಯರ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಈ ಕಿಣ್ವಕ್ಕೆ ಬೀಟಾ-ಗ್ಯಾಲಕ್ಟೊಸೈಡೇಸ್ ಎಂದು ಹೆಸರು. ಕಣ್ಣಿಗೆ ಕಾಣದ ಇದರ ಕೆಲಸವನ್ನು ಅಳೆಯುವುದೆಂತು? ಲ್ಯಾಕ್ಟೋಸನ್ನು ಹೋಲುವ, ಬಣ್ಣವಿಲ್ಲದ ಒಂದು ರಾಸಾಯನಿಕವನ್ನು ಅದಕ್ಕೆ ಕೊಡುತ್ತಾರೆ. ಕಿಣ್ವ ಅದನ್ನು ಸೀಳಿದರೆ ದ್ರವ ಹಳದಿಯಾಗುತ್ತದೆ. ಹಳದಿ ಬೇಗ ಏರಿದಷ್ಟೂ ಕೆಲಸ ಹೆಚ್ಚು.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಜಾಕೋಬ್ ಮತ್ತು ಮೊನೊ ಅವರು 1961ರಲ್ಲಿ ಇನ್ನೊಂದು ಸಂಗತಿಯನ್ನು ವಿವರಿಸಿದರು. ಲ್ಯಾಕ್ಟೋಸ್ ಇಲ್ಲದಾಗ ಬ್ಯಾಕ್ಟೀರಿಯವು ಈ ಕಿಣ್ವವನ್ನು ಬಹುಮಟ್ಟಿಗೆ ತಯಾರಿಸುವುದೇ ಇಲ್ಲ. ಲ್ಯಾಕ್ಟೋಸ್ ಬಂದಾಗ ತಯಾರಿಕೆ ಶುರು. ಗಿರಣಿಯಲ್ಲಿ ಕೆಲಸ ಬಿದ್ದ ದಿನ ಮಾತ್ರ ಬದಲಿಯವರನ್ನು ಒಳಗೆ ಕರೆದಂತೆ! 1965ರಲ್ಲಿ ಲ್ವಾಫ್ ಅವರೊಡನೆ ಇವರಿಗೆ ನೊಬೆಲ್ ಬಹುಮಾನ ದೊರೆಯಿತು.

ಆದರೆ ಒಂದು ಒಗಟು ಉಳಿಯಿತು. ಕಿಣ್ವವೆಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಸರದ ಮೊದಲ ತುದಿಯ ಕೆಲವು ಮಣಿಗಳು ಇಲ್ಲವಾದರೆ ಕೆಲಸ ನಿಲ್ಲುತ್ತಿತ್ತು. ಆ ತುಣುಕನ್ನು ಬೇರೆಯಾಗಿ ಸೇರಿಸಿದರೆ ಮತ್ತೆ ನಡೆಯುತ್ತಿತ್ತು. ಹೀಗೇಕೆ?

ಉತ್ತರ ಸಿಕ್ಕಿದ್ದು ರಚನೆ ತಿಳಿದ ಮೇಲೆ. 1994ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮ್ಯಾಥ್ಯೂಸ್ ಮತ್ತು ಸಂಗಡಿಗರು ಕಿಣ್ವದ ಹರಳುಗಳ ಮೂಲಕ ಕ್ಷ-ಕಿರಣ ಹಾಯಿಸಿ, ಅವು ಚದುರಿ ಮೂಡಿಸಿದ ಚುಕ್ಕೆಗಳಿಂದ ಅದರ ಆಕಾರವನ್ನು ಲೆಕ್ಕಹಾಕಿ ಪ್ರಕಟಿಸಿದರು. 1023 ಮಣಿಗಳ ನಾಲ್ಕು ಸರಗಳು ಸೇರಿ ಒಂದು ಕಿಣ್ವ. ಸೀಳುವ ಜಾಗಗಳೂ ನಾಲ್ಕು. ಆದರೆ ಪ್ರತಿಯೊಂದು ಜಾಗವೂ ಪೂರ್ಣವಾಗುವುದು ಪಕ್ಕದ ಸರದ ಒಂದು ಮಡಿಕೆ ಅಲ್ಲಿಗೆ ಚಾಚಿಕೊಂಡಾಗಲೇ. ಮೊದಲ ತುದಿಯ ತುಣುಕು ಈ ಜೋಡಣೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಅದಿಲ್ಲದಿದ್ದರೆ ಸರಗಳು ಎರಡೆರಡಾಗಿಯೇ ಉಳಿಯುತ್ತವೆ. ಸೀಳುವ ಜಾಗ ಅರೆಯಾಗುತ್ತದೆ.

ಹಳದಿ ಬಣ್ಣವು ಕೆಲಸ ನಿಂತಿತೆಂದು ಮಾತ್ರ ಹೇಳಿತು. ಏಕೆ ನಿಂತಿತೆಂದು ಹೇಳಿದ್ದು ಆಕಾರ.

ಇನ್ನು ಹಾಲು ಒಗ್ಗದವರು ಸಂಕೋಚಪಡಬೇಕಿಲ್ಲ. ಅದು ಕಿಣ್ವದ ಕೊರತೆಯಿರಬಹುದು. ಹಾಲನ್ನು ಮಿತವಾಗಿ ಕುಡಿದು ಮೊಸರನ್ನು ಉಂಡು ನೋಡಿರಿ. ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ.